ಹಟ್ಟಿ–ಮಸ್ಕಿ ಸೀಮೆಯ ಗಣಿದೂಳು ಮತ್ತು ಸಿಲಿಕೋಸಿಸ್

ಬೆಣಚುಕಲ್ಲಿನ ನುಣ್ಣನೆಯ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರ ಶ್ವಾಸಕೋಶದಲ್ಲಿ ಗಂಟುಗಂಟಾಗಿ ಕಲೆಗಟ್ಟುವ, ವಾಸಿಯಾಗದ ರೋಗವೇ ಸಿಲಿಕೋಸಿಸ್. ಗಣಿ, ಕಲ್ಲು ಕ್ವಾರಿ, ಕ್ರಷರ್, ಪಿಂಗಾಣಿ ಕಾರ್ಖಾನೆ, ಎರಕದ ಮನೆ ಹೀಗೆ ಕಲ್ಲು ಅಥವಾ ಮರಳು ಪುಡಿಯಾಗುವ ಎಲ್ಲ ಕಡೆಯೂ ಇದರ ಅಪಾಯವಿದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ, ಸಿಂಧನೂರು ತಾಲ್ಲೂಕುಗಳಲ್ಲಿ ಈ ಅಪಾಯದ ದೊಡ್ಡ ನೆಲೆ ಹಟ್ಟಿ ಚಿನ್ನದ ಗಣಿ. ಅದರಾಚೆಗೆ ಮುದಗಲ್ಲಿನ ಗ್ರಾನೈಟ್ ಕ್ವಾರಿಗಳಿವೆ, ಜಲ್ಲಿ ಕ್ರಷರ್‌ಗಳಿವೆ, ಬೆಂಗಳೂರಿಗೆ ಗುಳೆ ಹೋಗಿ ಕಲ್ಲು ಕೊಯ್ಯುವ ಕೆಲಸವೂ ಇದೆ. ಈ ರೋಗ ದುಡಿಯುವಾಗ ತೋರುವುದು ಕಡಿಮೆ. ಹೆಚ್ಚಿನವರಲ್ಲಿ ಅದು ತಲೆ ಎತ್ತುವುದು ಕೆಲಸ ಬಿಟ್ಟು, ನಿವೃತ್ತಿಯ ಹಣ ಪಡೆದು, ಊರು ಸೇರಿದ ಮೇಲೆ. ಅಷ್ಟರಲ್ಲಿ ಮನುಷ್ಯ ಒಂದು ಕಡೆ, ಅವನ ಕೆಲಸದ ದಾಖಲೆ ಇನ್ನೊಂದು ಕಡೆ ಆಗಿರುತ್ತದೆ. ಈ ರೋಗದ ಸಾಮಾಜಿಕ ಚರಿತ್ರೆಯಲ್ಲಿ ಅತಿ ಮುಖ್ಯವಾದ ಸಂಗತಿ ಇದೇ.

ಕಲ್ಲು ಮತ್ತು ಚಿನ್ನ

ಹಟ್ಟಿಯಿಂದ ಮಸ್ಕಿಯವರೆಗೆ ಕೊಕ್ಕೆಯಾಕಾರದಲ್ಲಿ ಹಬ್ಬಿರುವ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಪಟ್ಟಿ ಎಂದು ಕರೆಯುತ್ತಾರೆ. 250 ಕೋಟಿ ವರ್ಷಕ್ಕೂ ಹಿಂದಿನ ಈ ಕಪ್ಪು ಶಿಲೆಗಳ ಬಿರುಕುಗಳಲ್ಲಿ ಬೆಣಚುಕಲ್ಲಿನ ಎಳೆಗಳು ಸೇರಿಕೊಂಡಿವೆ. ಚಿನ್ನ ಇರುವುದು ಆ ಎಳೆಗಳಲ್ಲಿ ಮತ್ತು ಅವುಗಳ ಅಂಚಿನ ಶಿಲೆಯಲ್ಲಿ. ಬೆಣಚುಕಲ್ಲೆಂದರೆ ಹರಳುಗಟ್ಟಿದ ಸಿಲಿಕ. ಆದ್ದರಿಂದ ಇಲ್ಲಿ ಚಿನ್ನವನ್ನು ಬೆನ್ನಟ್ಟಿದವರು ಸಿಲಿಕದ ದೂಳನ್ನು ಉಸಿರಾಡದೆ ಇರಲು ಸಾಧ್ಯವಿರಲಿಲ್ಲ.

ಈ ಬೆನ್ನಟ್ಟುವಿಕೆ ಬಹಳ ಹಳೆಯದು. ಹಟ್ಟಿಯ ಹಳೆಯ ಗಣಿಗುಂಡಿಗಳು ನೂರಾರು ಅಡಿ ಆಳಕ್ಕೆ ಇಳಿದಿದ್ದವು. ಅಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಿಂದಿನವೆಂದು ಇಂಗಾಲ ಕಾಲನಿರ್ಣಯದಿಂದ ತಿಳಿದಿದೆ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸುವುದು, ನೀರೆರಚಿ ಸೀಳುವುದು, ಸಿಕ್ಕ ಬೆಣಚುಕಲ್ಲನ್ನು ಒರಳುಗುಂಡಿಯಲ್ಲಿ ಅರೆಯುವುದು ಅಂದಿನ ಪದ್ಧತಿ. ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ 1962ರಲ್ಲಿ ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯ ಕುರಿತು ಬರೆದ ಪ್ರಬಂಧದಲ್ಲಿ ಈ ಸೀಮೆಯ ಕುರುಹುಗಳಿಗೆ ದೊಡ್ಡ ಸ್ಥಾನವಿದೆ. ಅಶೋಕನ ಹೆಸರನ್ನು ನೇರವಾಗಿ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದೂ ಚಿನ್ನದ ಹುಡುಕಾಟದಿಂದಲೇ. ಅದನ್ನು ಕಂಡವರು ಸಿ. ಬೀಡನ್ ಎಂಬ ಗಣಿ ಎಂಜಿನಿಯರ್. ಒರಳುಗುಂಡಿಯ ಮುಂದೆ ಕೂತು ಬೆಣಚುಕಲ್ಲು ಅರೆದವರ ಎದೆಯ ಪಾಡೇನಾಯಿತು ಎಂದು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಒಣಗಲ್ಲು ಅರೆಯುವವರ ಮೂಗಿಗೆ ದೂಳು ತೀರ ಹತ್ತಿರದಲ್ಲೇ ಇತ್ತು.

ಆಧುನಿಕ ಗಣಿಗಾರಿಕೆ ನಿಜಾಮರ ಕಾಲದಲ್ಲಿ, 19ನೆಯ ಶತಮಾನದ ಕೊನೆಯಲ್ಲಿ, ಹೈದರಾಬಾದ್ ಡೆಕ್ಕನ್ ಕಂಪನಿಯಿಂದ ಆರಂಭವಾಯಿತು. ಕೋಲಾರದ ಗಣಿಗಳನ್ನು ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 20ನೆಯ ಶತಮಾನದ ಮೊದಲ ಎರಡು ದಶಕ ಇಲ್ಲಿಯೂ ಕೆಲಸ ಮಾಡಿತು. 1920ರಲ್ಲಿ ಗಣಿ ಮುಚ್ಚಿತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾಗಿ ಹಟ್ಟಿಗೆ ಮತ್ತೆ ಜೀವ ಬಂತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅದು ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ಕರ್ನಾಟಕ ಸರ್ಕಾರದ ಒಡೆತನದ ಈ ಗಣಿ ಈಗ ಎಂಟುನೂರು ಮೀಟರಿಗೂ ಆಳಕ್ಕೆ ಇಳಿದಿದೆ. ಕೋಲಾರ ಮುಚ್ಚಿದ ಮೇಲೆ ದೇಶದಲ್ಲಿ ಹೇಳಿಕೊಳ್ಳುವಷ್ಟು ಪ್ರಮಾಣದಲ್ಲಿ ಅದಿರಿನಿಂದ ಚಿನ್ನ ತೆಗೆಯುವ ಗಣಿ ಇದೊಂದೇ ಎನ್ನುವಂತಾಗಿತ್ತು.

ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಂ. ಒಂದು ಗ್ರಾಂ ಚಿನ್ನಕ್ಕಾಗಿ ಕ್ವಿಂಟಾಲುಗಟ್ಟಲೆ ಕಲ್ಲನ್ನು ಒಡೆದು, ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಬೇಕು. ದೂಳಿನ ಮೂಲ ಈ ಲೆಕ್ಕದಲ್ಲೇ ಇದೆ.

ದೂಳು ಹುಟ್ಟುವ ಜಾಗಗಳು

ಗಣಿಯ ಒಳಗೆ ದೂಳು ಒಂದೇ ಕಡೆ ಹುಟ್ಟುವುದಿಲ್ಲ. ಜಾಕ್‌ಹ್ಯಾಮರ್ ಹಿಡಿದು ಬಂಡೆಗೆ ರಂಧ್ರ ಕೊರೆಯುವವರ ಮುಖದೆದುರು ಮೊದಲ ದೂಳು ಏಳುತ್ತದೆ. ರಂಧ್ರಗಳಲ್ಲಿ ಸ್ಫೋಟಕ ತುಂಬಿ ಸಿಡಿಸಿದಾಗ ಸುರಂಗ ತುಂಬ ಹೊಗೆ ಮತ್ತು ಕಲ್ಲುಪುಡಿ ಹರಡುತ್ತದೆ. ಸಿಡಿದ ಅದಿರನ್ನು ಬಾಚಿ ಗಾಡಿಗೆ ತುಂಬುವಾಗ, ಮೇಲಿನ ಹಂತದಿಂದ ಕೆಳಗಿನ ಹಂತಕ್ಕೆ ಕಿಂಡಿಯಲ್ಲಿ ಸುರಿಯುವಾಗ, ಶಾಫ್ಟ್‌ನಿಂದ ಮೇಲೆ ಬಂದ ಅದಿರು ಕ್ರಷರ್‌ಗೆ ಬೀಳುವಾಗ ಮತ್ತೆ ಮತ್ತೆ ದೂಳು ಎದ್ದೇಳುತ್ತದೆ. ಹೀಗಾಗಿ ಎಂದೂ ಗಣಿಗೆ ಇಳಿಯದೆ ಮೇಲಿನ ಕ್ರಷರ್ ಮನೆಯಲ್ಲೇ ದುಡಿದವರೂ ಸುರಕ್ಷಿತರಲ್ಲ. ಅದಿರು ನೀರಿನೊಂದಿಗೆ ಅರೆಯುವ ಗಿರಣಿಗೆ ಹೋದ ಮೇಲೆ ಮಾತ್ರ ದೂಳಿನ ಕಾಟ ತಗ್ಗುತ್ತದೆ.

ಕಣ್ಣಿಗೆ ಕಾಣುವ ದೂಳಿಗಿಂತ ಕಾಣದ ದೂಳೇ ಕೇಡು. ದಪ್ಪ ಕಣಗಳನ್ನು ಮೂಗಿನ ರೋಮ ಮತ್ತು ಗಂಟಲಿನ ಲೋಳೆ ತಡೆದು ಹೊರಹಾಕುತ್ತವೆ. ಐದು ಮೈಕ್ರಾನಿಗಿಂತ ಸಣ್ಣ ಕಣಗಳು, ಅದರಲ್ಲೂ 0.5ರಿಂದ 3 ಮೈಕ್ರಾನ್ ಅಳತೆಯವು, ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೆ ಹೋಗಿ ಅಲ್ಲೇ ಉಳಿಯುತ್ತವೆ. ಅವು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತವೆ. ಪಾಳಿ ಮುಗಿದು ಸದ್ದು ನಿಂತ ಸುರಂಗದಲ್ಲೂ ಅವು ಇರುತ್ತವೆ. ಆಗಷ್ಟೇ ಒಡೆದ ಬೆಣಚುಕಲ್ಲಿನ ಮೇಲ್ಮೈ ಹಳೆಯ ಮರಳಿಗಿಂತ ಹೆಚ್ಚು ವಿಷಕಾರಿ. ಗಣಿಯಲ್ಲಿ ಕಾರ್ಮಿಕರಿಗೆ ಸಿಗುವುದು ಪ್ರತಿದಿನವೂ ಹೊಸದಾಗಿ ಒಡೆದ ಕಲ್ಲಿನ ದೂಳೇ.

ಇದಕ್ಕೆ ತಡೆ ಏನೆಂಬುದು ನೂರು ವರ್ಷದಿಂದ ಗೊತ್ತಿದೆ. ಕೊರೆಯುವ ಉಕ್ಕಿನ ಸಲಾಕೆಯ ನಡುವಿನಿಂದಲೇ ನೀರು ಹಾಯಿಸಿದರೆ ಪುಡಿ ಕೆಸರಾಗಿ ಇಳಿಯುತ್ತದೆ. ಸಿಡಿಸಿದ ಮೇಲೆ ಗಾಳಿ ಶುದ್ಧವಾಗುವವರೆಗೆ ಯಾರೂ ಒಳಹೋಗಬಾರದು. ಅದಿರಿಗೆ ನೀರು ಸಿಂಪಡಿಸಿಯೇ ಬಾಚಬೇಕು. ಫ್ಯಾನುಗಳಿಂದ ತಾಜಾ ಗಾಳಿ ಪ್ರತಿ ಕೆಲಸದ ಜಾಗಕ್ಕೂ ಮುಟ್ಟಬೇಕು. ಮುಖಕ್ಕೆ ಕಟ್ಟುವ ಮಾಸ್ಕ್ ಈ ಸಾಲಿನಲ್ಲಿ ಕೊನೆಯದು. ಬಿಸಿಲೂರಿನ ಆಳದ ಗಣಿಯ ಸೆಕೆಯಲ್ಲಿ ಎಂಟು ಗಂಟೆ ಬಿಗಿ ಮಾಸ್ಕ್ ಧರಿಸಿ ಭಾರದ ಕೆಲಸ ಮಾಡುವುದು ಹೇಳಿದಷ್ಟು ಸುಲಭವಲ್ಲ. ನೀರು ಮತ್ತು ಗಾಳಿಯ ಹೊಣೆ ಕಂಪನಿಯದು, ಮಾಸ್ಕ್ ಹೊಣೆ ಕಾರ್ಮಿಕನದು ಎಂಬಂತೆ ಮಾತು ತಿರುಗಿಬಿಡುವುದನ್ನು ದೂಳಿನ ಕೈಗಾರಿಕೆಗಳಲ್ಲೆಲ್ಲ ಕಾಣಬಹುದು. ಇದನ್ನು ಒಪ್ಪಲಾಗದು. ಹೆಗಲ ಮೇಲೆ ಸದಾ ಬಟ್ಟೆಯ ಟವೆಲ್ ಇರುವವರು ಅದನ್ನೇ ಮೂಗಿಗೆ ಕಟ್ಟಿಕೊಳ್ಳುತ್ತಾರೆ. ಟವೆಲ್ಲಿನ ನೇಯ್ಗೆಯ ಕಂಡಿಗಳು ಈ ಕಣಗಳಿಗೆ ಹೆಬ್ಬಾಗಿಲು.

ರೋಗದ ನಡೆ

ಗಾಳಿಚೀಲಕ್ಕೆ ಬಂದ ಕಣವನ್ನು ದೇಹದ ಭಕ್ಷಕ ಕೋಶಗಳು ನುಂಗುತ್ತವೆ. ಸಿಲಿಕ ಅರಗುವುದಿಲ್ಲ. ನುಂಗಿದ ಕೋಶವೇ ಸತ್ತು ಒಡೆಯುತ್ತದೆ. ಒಳಗಿನ ರಾಸಾಯನಿಕಗಳು ಚೆಲ್ಲಿ ಸುತ್ತಲಿನ ಅಂಗಾಂಶ ಉರಿಗೊಳ್ಳುತ್ತದೆ. ಹೊರಬಿದ್ದ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ಈ ಸುತ್ತು ನಿಲ್ಲದೆ ನಡೆದು ನಾರಿನ ಗಂಟುಗಳು ಬೆಳೆಯುತ್ತವೆ, ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ. ಕಾಲ ಕಳೆದಂತೆ ಗಂಟುಗಳು ಕೂಡಿಕೊಂಡು ದೊಡ್ಡ ಗಡ್ಡೆಗಳಾಗುವುದುಂಟು. ದೂಳಿನಿಂದ ದೂರವಾದ ಮೇಲೂ ಒಳಗೆ ಉಳಿದ ಕಣಗಳು ತಮ್ಮ ಕೆಲಸ ಮುಂದುವರಿಸುತ್ತವೆ.

ಸಾಮಾನ್ಯ ಬಗೆಯ ಸಿಲಿಕೋಸಿಸ್ ತೋರಲು ಹತ್ತರಿಂದ ಇಪ್ಪತ್ತು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ಬೇಕು. ದೂಳು ಹೆಚ್ಚಿದ್ದಲ್ಲಿ ಐದರಿಂದ ಹತ್ತು ವರ್ಷ ಸಾಕು. ಒಣ ಬೆಣಚುಕಲ್ಲು ಪುಡಿ ಮಾಡುವ ಮುಚ್ಚಿದ ಕೋಣೆಗಳಲ್ಲಿ ತಿಂಗಳುಗಳಲ್ಲೇ ಬರುವ ತೀವ್ರ ರೂಪವೂ ಇದೆ. ಮೊದಲಿಗೆ ಏರು ಹತ್ತುವಾಗ ಏದುಸಿರು, ಬಳಿಕ ಒಣಕೆಮ್ಮು, ಆಮೇಲೆ ನಾಲ್ಕು ಹೆಜ್ಜೆಗೇ ದಮ್ಮು. ಹಾನಿಗೊಂಡ ಶ್ವಾಸಕೋಶವನ್ನು ಮರಳಿ ಸರಿಪಡಿಸುವ ಔಷಧಿಯಿಲ್ಲ. ಆಮ್ಲಜನಕ, ಸೋಂಕಿಗೆ ಚಿಕಿತ್ಸೆ, ಉಸಿರಿನ ವ್ಯಾಯಾಮ ಇವಿಷ್ಟೇ ಆಸರೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹರಳುಗಟ್ಟಿದ ಸಿಲಿಕದ ದೂಳನ್ನು 1997ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಕ್ಷಯದ ನಂಟು ಈ ರೋಗದ ಅತಿ ಕ್ರೂರ ಮುಖ. ಸಿಲಿಕ ಕೊಂದ ಭಕ್ಷಕ ಕೋಶಗಳೇ ಕ್ಷಯದ ಬ್ಯಾಕ್ಟೀರಿಯಾವನ್ನು ತಡೆಯಬೇಕಾದ ಕಾವಲುಗಾರರು. ಆದ್ದರಿಂದ ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ತಗಲುವ ಸಂಭವ ಹಲವು ಪಟ್ಟು ಹೆಚ್ಚು. ಎರಡೂ ಸೇರಿದರೆ ಅದು ಸಿಲಿಕೋ-ಟ್ಯೂಬರ್ಕ್ಯುಲೋಸಿಸ್. ಎಕ್ಸ್-ರೇಯಲ್ಲಿ ಎರಡೂ ಮೇಲ್ಭಾಗದಲ್ಲೇ ನೆರಳು ಬೀಳಿಸುವುದರಿಂದ ಒಂದನ್ನು ಇನ್ನೊಂದೆಂದು ತಿಳಿಯುವುದು ಬಹಳ ಸುಲಭ. ಕಫದಲ್ಲಿ ಬ್ಯಾಕ್ಟೀರಿಯಾ ಕಾಣದಿದ್ದರೂ ಕ್ಷಯವೆಂದೇ ಆರು ತಿಂಗಳ ಮಾತ್ರೆ ಕೊಟ್ಟು, ಗುಣವಾಗದಿದ್ದರೆ ಮತ್ತೊಮ್ಮೆ ಅದನ್ನೇ ಆರಂಭಿಸಿದ ಪ್ರಸಂಗಗಳು ದೇಶದ ಗಣಿ-ಕ್ವಾರಿ ಪ್ರದೇಶಗಳಿಂದ ಮತ್ತೆ ಮತ್ತೆ ವರದಿಯಾಗಿವೆ.

ಕೋಲಾರದ ಲೆಕ್ಕ

ಭಾರತದಲ್ಲಿ ಸಿಲಿಕೋಸಿಸ್ ಮೊದಲು ವೈದ್ಯಕೀಯವಾಗಿ ದಾಖಲಾದದ್ದು ಕರ್ನಾಟಕದಲ್ಲೇ, ಕೋಲಾರ ಚಿನ್ನದ ಗಣಿಯಲ್ಲಿ. 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಮಂದಿಯಲ್ಲಿ ರೋಗ ಕಂಡಿತು. ಡಾ. ಕ್ಯಾಪ್ಲನ್ ಮತ್ತು ಸಂಗಡಿಗರು 1947ರಲ್ಲಿ ಪ್ರಕಟಿಸಿದ ಈ ವರದಿ ಇಂದಿಗೂ ವೈದ್ಯಕೀಯ ಪಠ್ಯಪುಸ್ತಕಗಳಲ್ಲಿದೆ. ಅದಕ್ಕೂ ಅರ್ಧ ಶತಮಾನಕ್ಕೆ ಮೊದಲಿಂದಲೂ, ಅಂದರೆ 1880ರ ದಶಕದಿಂದ, ಅಲ್ಲಿ ಆಧುನಿಕ ಗಣಿಗಾರಿಕೆ ನಡೆದಿತ್ತು ಎಂಬುದನ್ನು ನೆನೆದರೆ, ಲೆಕ್ಕಕ್ಕೆ ಸಿಗದೆ ಕೆಮ್ಮುತ್ತ ಊರಿಗೆ ಮರಳಿದ ಒಂದಿಡೀ ತಲೆಮಾರು ಕಣ್ಮುಂದೆ ಬರುತ್ತದೆ. ಹಟ್ಟಿ ಮತ್ತು ಕೋಲಾರದ ಶಿಲೆ ಒಂದೇ ಬಗೆಯದು, ಗಣಿ ತೋಡಿದ ಕಂಪನಿಯೂ ಒಂದು ಕಾಲಕ್ಕೆ ಒಂದೇ. ಹಾಗಾಗಿ ಕೋಲಾರದ ಈ ಅಂಕಿಯನ್ನು ರಾಯಚೂರಿನ ಓದುಗರು ದೂರದ ಸುದ್ದಿಯೆಂದು ಓದುವಂತಿಲ್ಲ.

ಗಣಿ ಕಾರ್ಮಿಕರ ಆರೋಗ್ಯಕ್ಕಾಗಿಯೇ ಕೇಂದ್ರ ಸರ್ಕಾರ 1990ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಸಂಸ್ಥೆ ಮೊದಲು ನೆಲೆಗೊಂಡದ್ದು ಕೋಲಾರ ಚಿನ್ನದ ಗಣಿಯ ಊರಾದ ಕೆಜಿಎಫ್‌ನಲ್ಲಿ. ಬಳಿಕ ಅದು ನಾಗ್ಪುರಕ್ಕೆ ಹೋಯಿತು. 2019ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯಲ್ಲಿ ವಿಲೀನವಾಯಿತು. 2001ರ ಫೆಬ್ರುವರಿಯಲ್ಲಿ ಕೋಲಾರದ ಗಣಿಗಳು ಮುಚ್ಚಿದವು. ಚಿನ್ನ ತೆಗೆದು ಉಳಿದ ಪುಡಿಯ ಸೈನೈಡ್ ಗುಡ್ಡಗಳು ಮಾತ್ರ ಅಲ್ಲೇ ಇವೆ. ಗಾಳಿ ಬೀಸುವ ತಿಂಗಳಲ್ಲಿ ಆ ಪುಡಿ ಮನೆಗಳ ಒಳಗೆ ಬರುತ್ತದೆ. ಕೆಲಸ ಮುಗಿದರೂ ದೂಳು ಮುಗಿಯಲಿಲ್ಲ.

ಹಡಗುಕಟ್ಟೆಯ ಕಲ್ನಾರು

ಇಂಥದೇ ಕತೆ ಸಮುದ್ರದ ದಡದಲ್ಲಿ ಬೇರೊಂದು ಖನಿಜದೊಂದಿಗೆ ನಡೆದಿದೆ. ಉಗಿ ಎಂಜಿನ್ ಕಾಲದ ಯುದ್ಧನೌಕೆಗಳ ಬಾಯ್ಲರ್, ಕೊಳವೆ, ಎಂಜಿನ್ ಕೋಣೆಗಳಿಗೆ ಶಾಖ ತಡೆಯಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಸುತ್ತುತ್ತಿದ್ದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಹಡಗುಕಟ್ಟೆಗಳಲ್ಲಿ ದುಡಿದ ಲಕ್ಷಾಂತರ ಮಂದಿ ಅದರ ನಾರನ್ನು ಉಸಿರಾಡಿದರು. ಕಲ್ನಾರಿನಿಂದ ಬರುವ ಮೆಸೊಥೆಲಿಯೋಮ ಎಂಬ ಎದೆಪೊರೆಯ ಕ್ಯಾನ್ಸರ್ ತೋರಲು ಇಪ್ಪತ್ತರಿಂದ ಐವತ್ತು ವರ್ಷ ಬೇಕು. ಯುದ್ಧಕಾಲದ ಉಸಿರಿನ ಬೆಲೆಯನ್ನು ಅವರು ಅಜ್ಜಂದಿರಾದ ಮೇಲೆ ತೆತ್ತರು. ನ್ಯೂಯಾರ್ಕಿನ ವೈದ್ಯ ಇರ್ವಿಂಗ್ ಸೆಲಿಕಾಫ್ 1964ರಲ್ಲಿ ಕಲ್ನಾರು ಸುತ್ತುವ ಕಾರ್ಮಿಕರ ಕುರಿತ ಅಧ್ಯಯನ ಪ್ರಕಟಿಸಿದ್ದು ಕಾರ್ಮಿಕ ಸಂಘದ ಸದಸ್ಯರ ಪಟ್ಟಿಯ ನೆರವಿನಿಂದ. ಯಾರು ಎಲ್ಲಿ ಎಷ್ಟು ವರ್ಷ ದುಡಿದರು ಎಂಬ ಕಾಗದ ಉಳಿದಿದ್ದರಿಂದಲೇ ರೋಗದ ಕಾರಣ ಸಾಬೀತಾಯಿತು. ಅಮೆರಿಕದ ನೌಕಾದಳದಲ್ಲಿದ್ದವರು ಯಾವ ಹಡಗಿನಲ್ಲಿ ಯಾವ ಕೆಲಸದಲ್ಲಿದ್ದರೆಂಬ ಸೇವಾ ದಾಖಲೆ ತೋರಿಸಿ ದಶಕಗಳ ನಂತರವೂ ಪರಿಹಾರ ಪಡೆಯಲು ಸಾಧ್ಯವಿದೆ.

ಭಾರತಕ್ಕೆ ಈ ಕತೆ ಬಂದದ್ದು ಹಳೆಯ ಹಡಗು ಒಡೆಯುವ ಕೆಲಸದ ರೂಪದಲ್ಲಿ. ಗುಜರಾತಿನ ಅಲಂಗ್‌ಗೆ ಹೊರಟಿದ್ದ ಫ್ರಾನ್ಸಿನ ವಿಮಾನವಾಹಕ ನೌಕೆ ಕ್ಲೆಮೆನ್ಸೋವನ್ನು ಅದರೊಳಗಿನ ಕಲ್ನಾರಿನ ಕಾರಣಕ್ಕೆ 2006ರಲ್ಲಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಹಾಸನ ಜಿಲ್ಲೆಯ ಹೊಳೆನರಸೀಪುರದ ಸೀಮೆಯಲ್ಲೂ ಹಿಂದೆ ಕಲ್ನಾರು ತೆಗೆಯುತ್ತಿದ್ದರು. ನಮ್ಮ ಊರುಗಳ ಸಿಮೆಂಟ್ ಶೀಟಿನ ಮನೆಗಳಲ್ಲಿ ಇಂದಿಗೂ ಅದಿದೆ. ಶೀಟು ಗಟ್ಟಿಯಾಗಿರುವವರೆಗೆ ಅಪಾಯ ಕಡಿಮೆ, ಅದನ್ನು ಗರಗಸದಲ್ಲಿ ಕೊಯ್ಯುವಾಗ, ಒಡೆಯುವಾಗ ನಾರು ಹಾರುತ್ತದೆ.

ಕಾನೂನಿನ ಗಡಿಯಾರ

1952ರ ಗಣಿ ಕಾಯ್ದೆಯಡಿ ಸಿಲಿಕೋಸಿಸ್ ಪ್ರಕಟಿಸಲೇಬೇಕಾದ ರೋಗವಾಗಿತ್ತು. ಅದನ್ನು ಕಂಡ ವೈದ್ಯರು ಸರ್ಕಾರಕ್ಕೆ ತಿಳಿಸಬೇಕಿತ್ತು. 1955ರ ಗಣಿ ನಿಯಮಗಳು ಕೆಲಸಕ್ಕೆ ಸೇರುವಾಗ ಮತ್ತು ಆಮೇಲೆ ಐದು ವರ್ಷ ಮೀರದಂತೆ ಎದೆಯ ಎಕ್ಸ್-ರೇ ಸಹಿತ ವೈದ್ಯಕೀಯ ಪರೀಕ್ಷೆಯನ್ನು ಕಡ್ಡಾಯ ಮಾಡಿದವು. 1923ರ ಪರಿಹಾರ ಕಾಯ್ದೆಯ ಮೂರನೆಯ ಅನುಸೂಚಿ ಸಿಲಿಕೋಸಿಸ್, ಆಸ್ಬೆಸ್ಟೋಸಿಸ್, ಸಿಲಿಕೋ-ಟ್ಯೂಬರ್ಕ್ಯುಲೋಸಿಸ್‌ಗಳನ್ನು ಔದ್ಯೋಗಿಕ ರೋಗಗಳೆಂದು ಗುರುತಿಸಿತು. 2020ರ ಕಾರ್ಮಿಕ ಸಂಹಿತೆಗಳ ರೋಗಪಟ್ಟಿಯಲ್ಲೂ ಸಿಲಿಕೋಸಿಸ್ ಇದೆ.

ತೊಡಕಿರುವುದು ಕಾಲದ ಲೆಕ್ಕದಲ್ಲಿ. 1923ರ ಕಾಯ್ದೆಯ 10ನೆಯ ಕಲಂ ಕೆಲಸ ಬಿಟ್ಟು ಎರಡು ವರ್ಷದೊಳಗೆ ರೋಗಲಕ್ಷಣ ತೋರಿದವರ ಬಗ್ಗೆ ಸ್ಪಷ್ಟವಾಗಿ ಹೇಳಿತ್ತು. ತಡವಾದ ಅರ್ಜಿಯನ್ನು ತಕ್ಕ ಕಾರಣವಿದ್ದರೆ ಆಯುಕ್ತರು ಪರಿಗಣಿಸಬಹುದಿತ್ತು, ಅಷ್ಟೇ. ಇಪ್ಪತ್ತು ವರ್ಷ ಹೊಂಚುಹಾಕುವ ರೋಗಕ್ಕೆ ಎರಡು ವರ್ಷದ ಗಡುವು ಎಷ್ಟು ಅಸಮಾನವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಈ ಅಸಮಾನತೆಯನ್ನು ಗ್ರಹಿಸಿದ್ದು ಸುಪ್ರೀಂ ಕೋರ್ಟ್. ಕಲ್ನಾರು ಕಾರ್ಮಿಕರ ಪರವಾಗಿ ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ ಮೊಕದ್ದಮೆಯಲ್ಲಿ ಅದು 1995ರ ಜನವರಿಯಲ್ಲಿ ತೀರ್ಪಿತ್ತು, ಕಾರ್ಮಿಕರ ಆರೋಗ್ಯ ಬದುಕುವ ಹಕ್ಕಿನ ಭಾಗವೆಂದಿತು. ಅವರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಆದೇಶಿಸಿತು. ರೋಗದ ನಿಜವಾದ ವೇಗವನ್ನು ಅಳತೆಗೋಲಾಗಿ ಹಿಡಿದ ಅಪರೂಪದ ಆದೇಶವಿದು. ರಾಜಸ್ಥಾನ ಸರ್ಕಾರ 2019ರಲ್ಲಿ ಇನ್ನೊಂದು ದಾರಿ ಹಿಡಿಯಿತು. ಮಾಲೀಕರು ಯಾರೆಂದು ಸಾಬೀತುಪಡಿಸುವ ಹೊರೆಯನ್ನು ಕಾರ್ಮಿಕರ ಮೇಲೆ ಹೊರಿಸದೆ, ರೋಗ ಖಚಿತವಾದವರಿಗೆ 3 ಲಕ್ಷ ರೂಪಾಯಿ, ಸಾವಿನ ನಂತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಕೊಡುವ ನೀತಿ ಅದು. ಕಲ್ಲಿನ ಕೆಲಸ ಇಷ್ಟು ಹರಡಿರುವ ಕರ್ನಾಟಕಕ್ಕೂ ಅಂಥ ನೀತಿ ತಕ್ಕದ್ದು.

ಗಣಿಯ ಹೊರಗಿನ ದೂಳು

ಹಟ್ಟಿಯ ಕಾಯಂ ಕಾರ್ಮಿಕರಿಗೆ ಕಂಪನಿ ಇದೆ, ಆಸ್ಪತ್ರೆ ಇದೆ, ಸಂಘವಿದೆ, ಸೇವಾ ಪುಸ್ತಕವಿದೆ. ಗುತ್ತಿಗೆಯಲ್ಲಿ ದುಡಿಯುವವರ ಪಾಡು ಬೇರೆ. ಗುತ್ತಿಗೆದಾರ ಬದಲಾದಂತೆ ಅವರ ಕಾಗದವೂ ಕಳೆದುಹೋಗುತ್ತದೆ. ಮುದಗಲ್ ಸುತ್ತಿನ ಗ್ರಾನೈಟ್ ಕ್ವಾರಿಗಳಲ್ಲಿ ಕೊರೆಯುವ, ಸೀಳುವ, ಕೆತ್ತುವ ಕೆಲಸಗಳೆಲ್ಲ ಬಯಲಲ್ಲೇ ನಡೆಯುತ್ತವೆ. ಬಯಲಾದ್ದರಿಂದ ಗಾಳಿ ಒಯ್ಯುತ್ತದೆಂಬ ನಂಬಿಕೆ ಸುಳ್ಳು. ಗ್ರಾನೈಟ್‌ನಲ್ಲಿ ಕಾಲುಭಾಗ ಅಥವಾ ಅದಕ್ಕಿಂತ ಹೆಚ್ಚು ಬೆಣಚುಕಲ್ಲೇ ಇರುತ್ತದೆ, ಕೊರೆಯುವವರ ಮೂಗಿಗೂ ರಂಧ್ರಕ್ಕೂ ಇರುವ ಅಂತರ ಒಂದೆರಡು ಅಡಿ.

ಸಿಂಧನೂರಿನದು ಬೇರೆ ಬಗೆಯ ದೂಳು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತದ ನಾಡಾದ ಈ ತಾಲ್ಲೂಕಿನಲ್ಲಿ ರೈಸ್ ಮಿಲ್‌ಗಳು ಬಹಳ. ಹೊಟ್ಟಿನ ದೂಳು ಕೆಮ್ಮು, ಉಬ್ಬಸ, ಕಣ್ಣುರಿ ತರುತ್ತದೆ. ಬಾಯ್ಲರ್‌ನಲ್ಲಿ ಉರಿದ ಹೊಟ್ಟಿನ ಬೂದಿಯ ಬಹುಭಾಗ ಸಿಲಿಕ, ಅತಿ ಶಾಖದಲ್ಲಿ ಅದರ ಸ್ವಲ್ಪ ಭಾಗ ಹರಳುಗಟ್ಟುವುದುಂಟು. ಒಣಬೂದಿ ತೋಡಿ ಲಾರಿಗೆ ತುಂಬುವವರು ಆದ್ದರಿಂದ ಎಚ್ಚರದಲ್ಲಿರಬೇಕು. ಈ ಭಾಗದ ಹತ್ತಿ ಜಿನ್ನಿಂಗ್ ಕಾರ್ಖಾನೆಗಳ ದೂಳು ತರುವ ಎದೆಬಿಗಿತದ ರೋಗ ಬಿಸಿನೋಸಿಸ್. ಅದು ಸಿಲಿಕೋಸಿಸ್ ಅಲ್ಲ, ಅದರ ಚಿಕಿತ್ಸೆಯೂ ಬೇರೆ.

ಮಸ್ಕಿ, ಲಿಂಗಸುಗೂರು, ಸಿಂಧನೂರಿನ ಒಣಭೂಮಿಯ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೋಗುವವರ ಕಡೆಗೆ ಇನ್ನೂ ಸಾಕಷ್ಟು ಗಮನ ಹೋಗಿಲ್ಲ. ಅಪಾರ್ಟ್‌ಮೆಂಟಿನ ಮುಚ್ಚಿದ ಕೋಣೆಯಲ್ಲಿ ನೀರಿಲ್ಲದೆ ಗ್ರಾನೈಟ್ ಮತ್ತು ಟೈಲ್ಸ್ ಕೊಯ್ಯುವ ಕಟಿಂಗ್ ಮಷೀನಿನ ಬಿಳಿಮೋಡದಲ್ಲಿ ನಿಲ್ಲುವವರಿಗೆ ಹಟ್ಟಿಯ ಡ್ರಿಲ್ಲರ್‌ಗಿಂತ ಕಡಿಮೆ ಅಪಾಯವೇನಿಲ್ಲ. ಅವರಿಗೆ ಐದು ವರ್ಷಕ್ಕೊಮ್ಮೆಯ ಎಕ್ಸ್-ರೇ ಇಲ್ಲ. ಮುಂದೊಂದು ದಿನ ಅವರು ಕೆಮ್ಮುತ್ತ ಬಂದು ಕೂರುವುದು ತಾಲ್ಲೂಕು ಆಸ್ಪತ್ರೆಯ ಹೊರರೋಗಿ ಸಾಲಿನಲ್ಲಿ. ಅಲ್ಲಿ ವೈದ್ಯರು ಕಫ ಪರೀಕ್ಷೆಗೆ ಬರೆಯುವ ಮುನ್ನ ಕೇಳಬೇಕಾದದ್ದು: ಇಷ್ಟು ವರ್ಷ ಯಾವ ಕೆಲಸ ಮಾಡಿದಿರಿ, ಎಲ್ಲಿ, ಎಷ್ಟು ಕಾಲ? ಈಗಿನ ಕೆಲಸವಷ್ಟೇ ಅಲ್ಲ, ಬಿಟ್ಟುಬಂದ ಎಲ್ಲ ಕೆಲಸಗಳೂ. ‘ಒಕ್ಕಲುತನ’ ಎಂದು ಕೇಸ್ ಶೀಟಿನಲ್ಲಿ ಬರೆದುಬಿಟ್ಟರೆ ಮೂವತ್ತು ವರ್ಷದ ಗಣಿ ಕೆಲಸ ಒಂದೇ ಪದದಲ್ಲಿ ಅಳಿಸಿಹೋಗುತ್ತದೆ. ಅನುಮಾನವಿದ್ದ ಎಕ್ಸ್-ರೇಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮಾದರಿ ಫಿಲ್ಮುಗಳೊಂದಿಗೆ ಹೋಲಿಸಿ ಓದುವ ಕ್ರಮವಿದೆ. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣದ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲಿದೆ.

ಗಣಿ ಕಾರ್ಮಿಕರು ನಿವೃತ್ತರಾಗುವಾಗ ಗ್ರಾಚುಟಿ, ಪಿ.ಎಫ್. ಕಾಗದಗಳ ಜೊತೆಗೆ ತಮ್ಮ ವೈದ್ಯಕೀಯ ಪರೀಕ್ಷೆಯ ವರದಿ, ಎಕ್ಸ್-ರೇ ಮತ್ತು ಯಾವ ವಿಭಾಗದಲ್ಲಿ ಎಷ್ಟು ವರ್ಷ ದುಡಿದರೆಂಬ ಪ್ರಮಾಣಪತ್ರವನ್ನೂ ಕೇಳಿ ಪಡೆಯುವುದು ಒಳ್ಳೆಯದು. ಗುಳೆ ಹೋದವರಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿ ಇದೆ. ಅದಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನ ದುಡಿದ ದೃಢೀಕರಣ ಬೇಕು. ಆ ಪತ್ರದಲ್ಲಿ ಬರೀ ‘ಕೂಲಿ’ ಎಂದು ಬರೆಸದೆ ‘ಗ್ರಾನೈಟ್ ಕಟಿಂಗ್’, ‘ಟೈಲ್ಸ್ ಕಟಿಂಗ್’, ‘ಕಲ್ಲು ಕೊರೆಯುವ ಕೆಲಸ’ ಎಂದು ಬಿಡಿಸಿ ಬರೆಸಿ, ಅದರ ಜೆರಾಕ್ಸ್ ಪ್ರತಿಯೊಂದನ್ನು ಊರಿನ ಮನೆಯಲ್ಲಿ ಇಟ್ಟಿರಬೇಕು.